ಹಿಮ್ಮೇಳವನ್ನು ಅಗಲಿದ ಪದ: ರಘು ದೀಕ್ಷಿತರ ‘ಅಂತರಾಗ್ನಿ’ ಧ್ವನಿಮುದ್ರಿಕೆಯನ್ನು ಕುರಿತು

ನಮ್ಮ ಜನಪದ ಗಾಯನದಲ್ಲಿ ಒಬ್ಬನೇ ಹಾಡುವುದು ಅಪೂರ್ವ. ಬೀಸುಕಲ್ಲಿನ ಮುಂದೆ ಕುಳಿತ ತಾಯಿ ತನಗೆ ತಾನೇ ಹಾಡಿಕೊಂಡಾಳು. ಹೊಲದ ಬದುವಿನ ಮೇಲೆ ನಿಂತ ರೈತ ಒಂದು ನುಡಿಯನ್ನು ಎತ್ತಿಯಾನು. ಆದರೆ ಊರು ಕೂಡಿ ಕೇಳುವ ಹಾಡಿಗೆ ಮೇಳ ಬೇಕು. ಮುಂದಿನವನು ಪದವನ್ನು ಎತ್ತಿಕೊಡುತ್ತಾನೆ. ಹಿಂದಿನವರು ಅದನ್ನು ಎತ್ತಿ ಹಿಡಿಯುತ್ತಾರೆ. ಈ ಕೊಡುಕೊಳೆಯಲ್ಲಿಯೇ ಪದದ ಪ್ರಾಣವಿದೆ. ಮಾಘಮಾಸದಲ್ಲಿ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡು ಉಳವಿಯ ಚನ್ನಬಸವೇಶ್ವರರ ಜಾತ್ರೆಗೆ ಬರುವ ಭಕ್ತರನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯನ್ನು ಬಿಟ್ಟು ಹಳಿಯಾಳ, ದಾಂಡೇಲಿಗಳನ್ನು ದಾಟಿ ಕಾಳೀನದಿಯ ಕಾಡನ್ನು ಹೊಕ್ಕ ಮೇಲೆ ದಾರಿ ಸವೆಯುವುದು ಪದದಿಂದ. ಆ ಪದ ಒಬ್ಬರ ಸೊತ್ತಲ್ಲ.

ಹೀಗಿರುವಲ್ಲಿ, ಜನಪದ ಧಾಟಿಯ ಗಾಯಕನೊಬ್ಬನು ತಾನು ಕಟ್ಟಿ ಬೆಳೆಸಿದ ತಂಡದಿಂದ ಬೇರ್ಪಟ್ಟು ತನ್ನ ಹೆಸರಿನ ಬಲದ ಮೇಲೆ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಾಗ, ಪದಕ್ಕೆ ಏನಾಗುತ್ತದೆ? ಇದು ಕೇವಲ ಸಂಗೀತದ ಮಾರುಕಟ್ಟೆಗೆ ಸಂಬಂಧಿಸಿದ ಪ್ರಶ್ನೆಯಲ್ಲ. ಹಾಗೆ ಹಾಡಲ್ಪಟ್ಟ ಪದಗಳು ಶಿಶುನಾಳ ಷರೀಫರವಾಗಿದ್ದರೆ, ಅದು ತತ್ತ್ವಪದ ಪರಂಪರೆಯನ್ನು ಗೌರವಿಸುವ ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ೨೦೦೮ರಲ್ಲಿ ಹೊರಬಂದ ರಘು ದೀಕ್ಷಿತರ ‘ಅಂತರಾಗ್ನಿ’ ಎಂಬ ಧ್ವನಿಮುದ್ರಿಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧೯೭೪ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಶಾಸ್ತ್ರೀಯವಾಗಿ ಕಲಿತದ್ದು ಭರತನಾಟ್ಯ. ತಾವೇ ರೂಢಿಸಿಕೊಂಡದ್ದು ಗಿಟಾರು. ಪಿಟೀಲುವಾದಕರಾದ ಎಚ್. ಎನ್. ಭಾಸ್ಕರ್ ಅವರ ಜೊತೆಗೂಡಿ ಅವರು ನಡೆಸಿದ ತಂಡದ ಹೆಸರು ‘ಅಂತರಾಗ್ನಿ’. ಆ ತಂಡ ಮುಗಿದ ಮೇಲೆ ಅವರು ಕಟ್ಟಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಬೇರೆ ಬೇರೆ ಹಿನ್ನೆಲೆಯ ವಾದ್ಯಗಾರರು ಬಂದು ಕೂಡಿಕೊಳ್ಳಬಹುದಾದ ತೆರೆದ ಮನೆ ಎಂಬುದು ಅದರ ಕಲ್ಪನೆ. ಹಿಂದಿ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮ ‘ಕೌಂಟರ್ ಕಲ್ಚರ್’ ಸಂಸ್ಥೆಯ ಮೂಲಕ ಈ ಮೊದಲ ಧ್ವನಿಮುದ್ರಿಕೆಯನ್ನು ಪ್ರಕಟಿಸಿದರು. ಇದರಲ್ಲಿ ಷರೀಫರ ಎರಡು ಪದಗಳಿವೆ: ‘ಸೋರುತಿಹುದು’ ಎಂದು ಮೊದಲಾಗುವುದು ಒಂದು, ‘ಗುಡುಗುಡಿ’ಯ ಪದ ಇನ್ನೊಂದು. ಉಳಿದವುಗಳಲ್ಲಿ ಹೆಚ್ಚಿನವು ಹಿಂದಿಯಲ್ಲಿವೆ. ಇಂಗ್ಲಿಷ್ ಕೂಡ ಇದೆ.

ಇಲ್ಲಿ ಹೆಸರುಗಳನ್ನು ಸ್ವಲ್ಪ ಗಮನಿಸಬೇಕು. ಗಾಯಕರು ತಂಡವನ್ನು ಬಿಟ್ಟರು, ಆದರೆ ತಂಡದ ಹೆಸರನ್ನು ಬಿಡಲಿಲ್ಲ. ಅದನ್ನು ತಮ್ಮ ಮೊದಲ ಕೃತಿಯ ನೆತ್ತಿಯ ಮೇಲೆ ಇಟ್ಟರು. ಇತ್ತ ಹೊಸ ಕೂಟಕ್ಕೆ ತಮ್ಮ ಸ್ವಂತ ಹೆಸರನ್ನೇ ಕೊಟ್ಟರು. ಒಂದರಲ್ಲಿ ಅಗಲಿಕೆಯ ಋಣಸ್ಮರಣೆ, ಇನ್ನೊಂದರಲ್ಲಿ ‘ನಾನು’ ಎಂಬುದರ ಘೋಷಣೆ. ಮೇಳದಲ್ಲಿ ಪದ ಸ್ಥಿರ, ಹಾಡುವವರು ಬದಲಾಗುತ್ತಾರೆ. ಮುಂದಾಳು ಕಾಲವಾದರೆ ಅವನ ತಾಳವನ್ನು ಮತ್ತೊಬ್ಬನು ಹಿಡಿಯುತ್ತಾನೆ. ಇಂಥ ಹೊಸ ಕೂಟದಲ್ಲಿ ಹಾಡುವವನು ಸ್ಥಿರ. ಅವನ ಸುತ್ತಲಿನವರು ಬದಲಾಗಬಹುದು, ಪದಗಳೂ ಬದಲಾಗಬಹುದು. ಈ ಅದಲುಬದಲಿನಲ್ಲಿಯೇ ಈ ಧ್ವನಿಮುದ್ರಿಕೆಯ ಶಕ್ತಿಯೂ ಮಿತಿಯೂ ಅಡಗಿವೆ ಎಂಬುದು ನಮ್ಮ ಅಭಿಪ್ರಾಯ.

ಷರೀಫರನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸುವುದು ಅನಾವಶ್ಯಕ. ಆದರೂ ವಿಷಯದ ಅನುಕೂಲಕ್ಕಾಗಿ ಕೆಲವು ಮಾತು. ೧೮೧೯ರಲ್ಲಿ ಜನಿಸಿ ೧೮೮೯ರಲ್ಲಿ ದೇಹವಿಟ್ಟ ಈ ಅನುಭಾವಿಯ ಊರಾದ ಶಿಶುನಾಳವು ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಮುಂಡಗೋಡಿನ ಕಾಡಂಚಿಗೆ ಅದು ದೂರವಲ್ಲ. ಮುಸಲ್ಮಾನ ಕುಲದಲ್ಲಿ ಹುಟ್ಟಿದ ಅವರಿಗೆ ಕಳಸದ ಗೋವಿಂದಭಟ್ಟರು ಗುರು. ಶರಣರ ವಚನಗಳ ಪರಿಚಯ ಅವರಿಗೆ ಬಾಲ್ಯದಿಂದಲೇ ಇದ್ದಿತು. ಅಂತ್ಯಕಾಲದಲ್ಲಿ ಜಂಗಮರ ಪಾದವನ್ನು ಶಿರದ ಮೇಲೆ ಇರಿಸಿಕೊಂಡರೆಂದೂ, ಎರಡೂ ಧರ್ಮದವರು ತಮ್ಮ ತಮ್ಮ ವಿಧಿಗಳಿಂದ ಅವರನ್ನು ಬೀಳ್ಕೊಟ್ಟರೆಂದೂ ಆ ನಾಡಿನಲ್ಲಿ ಪ್ರತೀತಿಯಿದೆ. ಷರೀಫರ ಪದ ಯಾವೊಂದು ಮತದ ಹಿತ್ತಲಿನದಲ್ಲ. ಅದು ಎಲ್ಲರ ಅಂಗಳದ್ದು. ಅದನ್ನು ಮೈಸೂರಿನಲ್ಲಿ ಬೆಳೆದ ತರುಣನು ಗಿಟಾರಿನ ಮೇಲೆ ಹಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ತತ್ತ್ವಪದದ ರಚನೆಯನ್ನು ಕುರಿತು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯ ಕಲ್ಪವಲ್ಲರಿ’, ಕಡಕೋಳದ ಮಡಿವಾಳಪ್ಪನವರ ಪದಗಳು — ಈ ಹಾದಿಯಲ್ಲಿ ಬಂದದ್ದು ಷರೀಫರ ಗಾಯನ. ಪಲ್ಲವಿಯೊಂದು, ಅದರ ಕೆಳಗೆ ನುಡಿಗಳು, ಕೊನೆಯ ನುಡಿಯಲ್ಲಿ ಅಂಕಿತ. ಪುಸ್ತಕದಲ್ಲಿ ಓದುವಾಗ ಪಲ್ಲವಿ ಒಂದೇ ಸಲ ಕಾಣುತ್ತದೆ; ಮೇಳದಲ್ಲಿ ಅದು ಪ್ರತಿ ನುಡಿಯ ತರುವಾಯ ಹಿಮ್ಮೇಳದ ಬಾಯಲ್ಲಿ ಮರಳಿ ಬರುತ್ತದೆ. ನುಡಿ ಒಬ್ಬನ ಅನುಭವ. ಪಲ್ಲವಿ ಎಲ್ಲರ ಸಾಕ್ಷಿ. ಅಂಕಿತ ದೈವದ ಮುದ್ರೆ. ವಚನವೂ ಹೀಗೆಯೇ ಅಲ್ಲವೆ? ಒಬ್ಬ ಶರಣನ ಒಳಗಿನಿಂದ ಹೊರಟ ಮಾತು ಅವನ ಇಷ್ಟದೈವದ ಅಂಕಿತದಲ್ಲಿ ಮುಗಿಯುತ್ತದೆ, ಆದರೆ ಅದಕ್ಕೆ ಅರ್ಥ ತುಂಬುವುದು ಅನುಭವ ಗೋಷ್ಠಿ. ಏಕಾಂತ ಮತ್ತು ಸಂಗ ಒಂದಕ್ಕೊಂದು ವಿರೋಧಿಗಳೆಂದು ನಮ್ಮ ಪರಂಪರೆ ಎಂದೂ ಬಗೆಯಲಿಲ್ಲ.

ಹಿಮ್ಮೇಳದ ಕೆಲಸ ಮೂರು ಬಗೆಯದು. ಮುಂದಿನವನಿಗೆ ಉಸಿರಾಡಲು ಬಿಡುವು ಕೊಡುವುದು ಒಂದು. ಕೇಳುವವನಿಗೆ ಕಠಿಣವಾದ ಒಡಪನ್ನು ಅರಗಿಸಿಕೊಳ್ಳಲು ಅವಕಾಶ ಕೊಡುವುದು ಎರಡು. ಹಾಡಿದ ಮಾತಿಗೆ ‘ಹೌದು, ಇದು ನಮ್ಮ ಮಾತೂ ಹೌದು’ ಎಂದು ಒಪ್ಪಿಗೆ ಕೊಡುವುದು ಮೂರು. ಈ ಮೂರರಲ್ಲಿ ಮೊದಲ ಎರಡನ್ನು ವಾದ್ಯಗಳು ಮಾಡಬಲ್ಲವು. ಮೂರನೆಯದನ್ನು ಮನುಷ್ಯರೇ ಮಾಡಬೇಕು. ಏಕವ್ಯಕ್ತಿಯ ಧ್ವನಿಮುದ್ರಿಕೆಯೊಂದು ತತ್ತ್ವಪದವನ್ನು ಎತ್ತಿಕೊಂಡಾಗ ಅದನ್ನು ಒರೆಹಚ್ಚಬೇಕಾದ ಒರೆಗಲ್ಲು ಇದು.

ಮೊದಲು ‘ಸೋರುತಿಹುದು’ ಪದವನ್ನು ತೆಗೆದುಕೊಳ್ಳೋಣ. ಈ ಪದದ ಅರ್ಥ ತಿಳಿಯಬೇಕಾದರೆ ಮಾಳಿಗೆ ಎಂದರೇನೆಂದು ತಿಳಿದಿರಬೇಕು. ಗಣೇಶಗುಡಿ, ಜೋಯಿಡಾಗಳ ಮಳೆಗೆ ಇಳಿಜಾರಾದ ಹೆಂಚಿನ ಮಾಡೇ ಗತಿ. ಅಲ್ಲಿ ಒಂದು ಹೆಂಚು ಸರಿದರೆ ಅದನ್ನು ಸರಿಪಡಿಸಿದರಾಯಿತು. ಬಯಲುಸೀಮೆಯ ಮಾಳಿಗೆ ಹಾಗಲ್ಲ. ತೊಲೆ, ಜಂತಿಗಳ ಮೇಲೆ ಹಾಸಿ ಮಣ್ಣು ಮೆತ್ತಿದ ಚಪ್ಪಟೆಯ ಮೇಲ್ಛಾವಣಿ ಅದು. ಸೋರತೊಡಗಿದರೆ ಒಳಗೆ ಕುಳಿತು ಪಾತ್ರೆ ಒಡ್ಡಿ ಪ್ರಯೋಜನವಿಲ್ಲ. ಮೇಲೆ ಹತ್ತಬೇಕು, ಬಿರುಕನ್ನು ಹುಡುಕಬೇಕು, ಮಣ್ಣು ಮೆತ್ತಿ ತುಳಿಯಬೇಕು. ಷರೀಫರ ಪದದ ಮನೆಯೊಡೆಯನಿಗೆ ಆಗದಿರುವುದು ಇದೇ. ಅಜ್ಞಾನದಿಂದ ಮಾಳಿಗೆ ಸೋರುತ್ತಿದೆ. ಕತ್ತಲೆಯಲ್ಲಿ ಮೇಲೇರುವ ಧೈರ್ಯ ಅವನಿಗಿಲ್ಲ. ಹತ್ತಿಸುವ ಗುರುವಿಲ್ಲದೆ ಸೋರಿಕೆ ನಿಲ್ಲದು ಎಂಬುದು ಇದರ ತಾತ್ಪರ್ಯ.

ಈಗ ಮೇಳದಲ್ಲಿ ಈ ಪದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಯೋಚಿಸಬೇಕು. ನುಡಿಗಳು ಮುಂದೆ ಸಾಗುತ್ತವೆ. ಪಲ್ಲವಿ ಮಾತ್ರ ಅದೇ ಸ್ವರದಲ್ಲಿ, ಅದೇ ಭಾರದಲ್ಲಿ ಮತ್ತೆ ಮತ್ತೆ ಬೀಳುತ್ತದೆ. ಅದು ಹನಿ. ಮಾತು ಎಷ್ಟಾದರೂ ಹನಿ ನಿಲ್ಲಲಿಲ್ಲ. ಹಿಮ್ಮೇಳದವರು ಪಲ್ಲವಿಯನ್ನು ಅಲಂಕರಿಸದೆ ಹಾಡುವುದರಲ್ಲಿಯೇ ಈ ಅರ್ಥವಿದೆ. ಮೇಲಾಗಿ, ಹತ್ತು ಜನ ಒಟ್ಟಿಗೆ ತಮ್ಮ ಮನೆ ಸೋರುತ್ತಿದೆಯೆಂದು ಹೇಳಿದಾಗ ಅದು ಒಬ್ಬನ ದೈನ್ಯವಾಗಿ ಉಳಿಯುವುದಿಲ್ಲ. ಮನುಷ್ಯಕುಲದ ಸ್ಥಿತಿಯೇ ಅದೆಂಬ ಒಪ್ಪಿಗೆಯಾಗುತ್ತದೆ.

ರಘು ದೀಕ್ಷಿತರು ಇದನ್ನು ಹಾಡುವ ಬಗೆ ಬೇರೆ. ಅವರ ಕಂಠ ತುಂಬುಕಂಠ. ಎದೆಯಿಂದ ಹೊರಡುವ, ಮೇಲ್ಸ್ಥಾಯಿಯಲ್ಲಿಯೂ ತೆಳುವಾಗದ ಶಾರೀರ. ನುಡಿಗಳನ್ನು ಅವರು ಅವಸರವಿಲ್ಲದೆ ಹೇಳುತ್ತಾರೆ. ಧಾರವಾಡದ ನುಡಿಗಟ್ಟನ್ನು ಮೈಸೂರಿನ ಶಿಷ್ಟರೂಪಕ್ಕೆ ತಿದ್ದುವ ಗೋಜಿಗೆ ಹೋಗಿಲ್ಲ. ಧ್ವನಿಮುದ್ರಿಕೆಯ ಪಟ್ಟಿಯಲ್ಲಿಯೂ ‘ಮನಿ’, ‘ಮಾಳಿಗಿ’ ಎಂಬ ರೂಪಗಳೇ ಇವೆ. ಇದು ಸಣ್ಣ ವಿಷಯವಲ್ಲ. ಪದದ ಮಣ್ಣನ್ನು ತೊಳೆದುಬಿಟ್ಟರೆ ಮಾಳಿಗೆಯೇ ಉಳಿಯುವುದಿಲ್ಲ. ಆದರೆ ಪಲ್ಲವಿ ಮರಳಿ ಬರುವಾಗ ಇಲ್ಲಿ ವಾದ್ಯಗಳ ಭಾರ ಏರುತ್ತ ಹೋಗುತ್ತದೆ, ಭಾವ ಉಕ್ಕುತ್ತದೆ. ಹನಿ ಹೊಳೆಯಾಗುತ್ತದೆ. ಕೇಳುವವನ ಮನಸ್ಸು ಕರಗುವುದು ನಿಜ. ಆದರೆ ಕರಗಿದ ಮನಸ್ಸು ಗಾಯಕನ ವೇದನೆಯ ಕಡೆಗೆ ಹೊರಳುತ್ತದೆಯೇ ಹೊರತು ತನ್ನ ಸ್ವಂತ ಮಾಳಿಗೆಯ ಕಡೆಗೆ ಅಷ್ಟಾಗಿ ಹೊರಳುವುದಿಲ್ಲ. ಸಾಕ್ಷಿಯಾಗಬೇಕಾದವನು ಇಲ್ಲಿ ಪ್ರೇಕ್ಷಕನಾಗುತ್ತಾನೆ. ಒಬ್ಬಂಟಿ ದನಿಯ ಲಾಭವೂ ನಷ್ಟವೂ ಇಷ್ಟೇ: ಲಾಭ ಆರ್ತತೆ, ನಷ್ಟ ಒಪ್ಪಿಗೆ.

‘ಗುಡುಗುಡಿ’ಯ ಪದದಲ್ಲಿ ಫಲಿತಾಂಶ ಇದಕ್ಕೆ ವ್ಯತಿರಿಕ್ತವಾಗಿದೆ. ಹುಕ್ಕಾ ಸೇದುವ ಸಾಮಾನ್ಯ ಚಟವನ್ನೇ ಸಾಧನೆಯ ರೂಪಕವನ್ನಾಗಿ ಮಾಡಿ, ಆ ಸಾಧನದ ಒಂದೊಂದು ಭಾಗಕ್ಕೂ ದೇಹ, ಮನಸ್ಸು, ಬುದ್ಧಿಗಳನ್ನು ಹೊಂದಿಸಿ, ಸುಡಬೇಕಾದುದನ್ನು ಸುಡುವ ಯೋಗವನ್ನು ಷರೀಫರು ಇಲ್ಲಿ ಹೇಳಿದ್ದಾರೆ. ಇದು ದೈನ್ಯದ ಪದವಲ್ಲ, ಆಹ್ವಾನದ ಪದ. ಹಾಡುವವನು ಕೇಳುವವನನ್ನು ಕರೆಯುತ್ತಾನೆ, ಸ್ವಲ್ಪ ಕೆಣಕುತ್ತಾನೆ, ರುಚಿ ನೋಡೆನ್ನುತ್ತಾನೆ. ಇಂಥ ಪದಕ್ಕೆ ಒಬ್ಬನ ಹುರುಪು ಸಾಲುತ್ತದೆ. ‘ಗುಡುಗುಡಿ’ ಎಂಬ ಶಬ್ದದಲ್ಲಿಯೇ ನೀರಿನೊಳಗೆ ಉಸಿರು ಹೊರಳುವ ಅನುಕರಣವಿದೆ. ತಾಳವಾದ್ಯಗಳ ಬಿರುಸು ಆ ಶಬ್ದಕ್ಕೆ ಮೈಕೊಟ್ಟಿದೆ. ಈ ಧ್ವನಿಮುದ್ರಿಕೆಯಲ್ಲಿ ಪದ ಮತ್ತು ವಾದ್ಯ ಒಂದನ್ನೊಂದು ಪೂರ್ತಿಯಾಗಿ ಒಪ್ಪಿಕೊಂಡಿರುವುದು ಇಲ್ಲಿಯೇ. ವಾದ್ಯಗಳು ಇಲ್ಲಿ ಅಲಂಕಾರವಾಗಿ ನಿಲ್ಲದೆ ಉತ್ತರ ಕೊಡುತ್ತವೆ. ಹಿಮ್ಮೇಳದ ಸ್ಥಾನವನ್ನು ತುಂಬುತ್ತವೆ.

ಆದರೆ ಈ ಯಶಸ್ಸಿನ ಜೊತೆಗೆ ಒಂದು ಅಪಾಯವೂ ಇದೆ. ರೂಪಕವನ್ನು ಬಲ್ಲವರಿಗೆ ಈ ಪದ ಯೋಗ. ಅರಿಯದವರಿಗೆ ಇದು ಮತ್ತಿನ ಹಾಡು. ಕುಣಿತ ಹೆಚ್ಚಾದಷ್ಟೂ ಎರಡನೆಯ ಅರ್ಥ ಮೇಲುಗೈ ಸಾಧಿಸುವ ಸಂಭವವಿದೆ. ಮೇಳದಲ್ಲಿ ಈ ಅಪಾಯ ಕಡಿಮೆ. ಏಕೆಂದರೆ ಅಲ್ಲಿ ಪದ ಮುಗಿದ ಮೇಲೆ ಹಿರಿಯರೊಬ್ಬರು ‘ಇದರ ಒಳಗಿನ ಮಾತು ಇಂಥದ್ದು’ ಎಂದು ಬಿಡಿಸಿ ಹೇಳುವ ರೂಢಿಯುಂಟು. ಧ್ವನಿಮುದ್ರಿಕೆಗೆ ಆ ಹಿರಿಯರಿಲ್ಲ. ಒಂದು ಹಾಡು ಮುಗಿಯುತ್ತಲೇ ಮುಂದಿನದು ಮೊದಲಾಗುತ್ತದೆ.

ಉಳಿದ ಹಾಡುಗಳ ವಿಚಾರವಾಗಿ ಸಂಕ್ಷೇಪವಾಗಿ ಹೇಳಬಹುದು. ‘ಮೈಸೂರ್ ಸೇ ಆಯೀ’ ಲಘುವಾದ ಶೃಂಗಾರದ ಗೀತೆ; ಅದರ ಉಲ್ಲಾಸವನ್ನು ಮೀರಿ ಅದರಿಂದ ಏನನ್ನೂ ನಿರೀಕ್ಷಿಸಬೇಕಾಗಿಲ್ಲ. ‘ಹೇ ಭಗವಾನ್’ ಹಾಗಲ್ಲ. ಬದುಕನ್ನು ಇನ್ನೊಮ್ಮೆ ಕೊಡೆಂದು ದೇವರಲ್ಲಿ ಬೇಡುವ ಹಾಡದು. ಷರೀಫರ ಪದದ ಪಕ್ಕದಲ್ಲಿ ಇಟ್ಟು ಕೇಳಿದರೆ ಎರಡು ಕಾಲಗಳ ಅಂತರ ಎದ್ದು ಕಾಣುತ್ತದೆ. ಹಳೆಯ ಅನುಭಾವಿ ಬೇಡುವುದು ಹುಟ್ಟುಸಾವುಗಳ ಬಿಡುಗಡೆಯನ್ನು. ಹೊಸಕಾಲದ ನಗರವಾಸಿ ಬೇಡುವುದು ಕಳೆದುಕೊಂಡ ಬಾಳನ್ನು ಮತ್ತೆ ಬಾಳುವ ಅವಕಾಶವನ್ನು. ಎರಡೂ ಪ್ರಾಮಾಣಿಕವಾದ ಬೇಡಿಕೆಗಳೇ. ಆದರೆ ಎರಡನ್ನೂ ಒಂದೇ ಭಾವಾವೇಶದಲ್ಲಿ ಹಾಡಿದಾಗ, ಅವುಗಳ ನಡುವಣ ದೂರ ಕೇಳುವವನಿಗೆ ತಿಳಿಯದೆ ಹೋಗುತ್ತದೆ. ತನ್ನದೇ ನುಡಿಯನ್ನು ಹಾಡುವಾಗ ಗಾಯಕನು ಅದರ ಒಡೆಯ. ಷರೀಫರ ನುಡಿಯನ್ನು ಹಾಡುವಾಗ ಅದರ ಸೇವಕ. ಈ ಭೇದ ಮುಂದಿನ ಮುದ್ರಿಕೆಗಳಲ್ಲಿ ಇನ್ನೂ ಸ್ಪಷ್ಟವಾಗಬಹುದಿತ್ತು.

ಅದೇ ೨೦೦೮ರಲ್ಲಿ ತೆರೆಕಂಡ ‘ಸೈಕೋ’ ಎಂಬ ಕನ್ನಡ ಚಲನಚಿತ್ರಕ್ಕಾಗಿ ಇವರು ಮಹದೇಶ್ವರನನ್ನು ಕುರಿತ ಗೀತೆಯೊಂದಕ್ಕೆ ರಾಗ ಹಾಕಿ ತಾವೇ ಹಾಡಿದರು. ಅದು ನಾಡಿನ ತುಂಬ ಹಬ್ಬಿತು. ಮಲೆಯ ಮಹದೇಶ್ವರನ ಹಾಡುಗಾರಿಕೆ ಎಂದರೆ ಕಂಸಾಳೆಯ ಮೇಳ. ದೇವರಗುಡ್ಡರು ಕೂಡಿ ಹಾಡುವ ಮಹಾಕಥನ. ಅದರ ಛಾಯೆಯೊಂದನ್ನು ಒಬ್ಬನ ಕಂಠಕ್ಕೆ ಇಳಿಸಿದ ಆ ಗೀತೆಯ ಜನಪ್ರಿಯತೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಗರದ ತರುಣರಿಗೆ ಈ ದನಿಯ ಹಸಿವಿದೆ. ಹಸಿವು ಇರುವುದು ಶುಭ. ಬಡಿಸುವುದು ಏನನ್ನು ಎಂಬುದೇ ಪ್ರಶ್ನೆ.

ಇಲ್ಲಿ ಭಕ್ತರ ಕಡೆಯಿಂದ ಬರಬಹುದಾದ ಆಕ್ಷೇಪವೊಂದನ್ನು ಪರಿಶೀಲಿಸುವುದು ಉಚಿತ. ತತ್ತ್ವಪದಕ್ಕೆ ಏಕತಾರಿ, ತಾಳ, ದಮ್ಮಡಿ ಸಲ್ಲುತ್ತವೆ. ಗಿಟಾರು, ಡ್ರಮ್ಮುಗಳು ಸಲ್ಲವು ಎಂಬುದು ಆ ಆಕ್ಷೇಪ. ಇದು ಇತಿಹಾಸಕ್ಕೆ ಸಮ್ಮತವಾದ ಮಾತಲ್ಲ. ಇಂದು ನಮ್ಮ ಮಠಗಳ ಭಜನೆಯಲ್ಲಿ ಪ್ರಧಾನವಾಗಿರುವ ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದದ್ದು. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದನ್ನು ನಿಷೇಧಿಸಿತ್ತು. ಆ ಕಾಲದಲ್ಲಿಯೂ ಹಳ್ಳಿಯ ಭಜನಾ ಮೇಳಗಳು ಅದನ್ನು ಕೈಬಿಡಲಿಲ್ಲ. ಪಿಟೀಲೂ ಪರದೇಶದ್ದೇ, ಆದರೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದು ನಾದಸಾಧನೆಯ ಅಂಗವಾಯಿತು. ತನ್ನ ಕಾಯವನ್ನೇ ವೀಣೆಯಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದ ಬಸವಣ್ಣನವರ ದೃಷ್ಟಿಯಲ್ಲಿ ವಾದ್ಯ ಮುಖ್ಯವಲ್ಲ, ನುಡಿಸುವ ಕೈಗೆ ಒಡ್ಡಿಕೊಳ್ಳುವುದು ಮುಖ್ಯ. ಆದ್ದರಿಂದ ಗಿಟಾರಿನ ಮೇಲಿನ ಕೋಪ ನಿಲ್ಲುವಂಥದ್ದಲ್ಲ.

ಪದವನ್ನು ಮೇಳದಿಂದ ಹೊರತಂದವರಲ್ಲಿ ರಘು ದೀಕ್ಷಿತರು ಮೊದಲಿಗರೂ ಅಲ್ಲ. ಸುಗಮ ಸಂಗೀತದ ಗಾಯಕರು ಅದಕ್ಕೂ ಮೊದಲೇ ಷರೀಫರನ್ನು ವೇದಿಕೆಗೆ, ಧ್ವನಿಸುರುಳಿಗೆ ತಂದಿದ್ದರು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವತ್ಥರು ನೀಡಿದ ಸಂಗೀತ ಆ ಪದಗಳನ್ನು ಕನ್ನಡದ ಮನೆಮನೆಗೂ ಮುಟ್ಟಿಸಿತು. ಆದರೆ ಅಶ್ವತ್ಥರ ಕೇಳುಗರಿಗೆ ಕನ್ನಡ ಬರುತ್ತಿತ್ತು. ಅವರು ಪಲ್ಲವಿಯನ್ನು ಗುನುಗುವಾಗ ಅರ್ಥವೂ ಅಷ್ಟಿಷ್ಟು ಅವರ ಜೊತೆಗಿತ್ತು. ರಘು ದೀಕ್ಷಿತರ ಹೊಸತನವಿರುವುದು ಭಾಷೆ ಬಾರದವರ ಮುಂದೆ ಈ ಪದಗಳನ್ನು ಒಯ್ದು ನಿಲ್ಲಿಸಿದ್ದರಲ್ಲಿ. ೨೦೧೦ರಲ್ಲಿ ಬ್ರಿಟಿಷ್ ದೂರದರ್ಶನದ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಅವರು ಕಾಣಿಸಿಕೊಂಡರು. ೨೦೧೧ರಲ್ಲಿ ‘ಸಾಂಗ್‌ಲೈನ್ಸ್’ ಎಂಬ ಸಂಗೀತ ಪತ್ರಿಕೆಯ ಅತ್ಯುತ್ತಮ ನವಾಗತ ಪ್ರಶಸ್ತಿ ಅವರಿಗೆ ದೊರೆಯಿತು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅವರು ಹಾಡುವಾಗ ನೆರೆದವರು ಕುಣಿಯುತ್ತಾರೆ, ಪಲ್ಲವಿಗೆ ದನಿಗೂಡಿಸುತ್ತಾರೆ. ಧ್ವನಿಮುದ್ರಿಕೆಯಲ್ಲಿ ಕಳೆದುಹೋದ ಹಿಮ್ಮೇಳ ರಂಗದ ಮುಂದೆ ಹೀಗೆ ಮರಳಿ ಬಂದಿತೆನ್ನಬಹುದು. ಆದರೆ ಅದು ಶಬ್ದದ ಹಿಮ್ಮೇಳ. ಅರ್ಥದ ಹಿಮ್ಮೇಳ ಅಲ್ಲ. ಮನೆ ಸೋರುತ್ತಿದೆಯೆಂದು ಸಾವಿರ ಜನ ಹಾಡುತ್ತಾರೆ. ಯಾರ ಮನೆ ಎಂಬುದನ್ನು ಅವರಲ್ಲಿ ಹೆಚ್ಚಿನವರು ಅರಿಯರು.

ಹಾಗಾದರೆ ಪದಗಳನ್ನು ಮೇಳಗಳಿಗೇ ಬಿಟ್ಟು ಸುಮ್ಮನಿರಬೇಕೆ? ಈ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮ ಕಣ್ಣ ಮುಂದಿನ ನೆಲವನ್ನು ನೋಡುವುದು ಒಳ್ಳೆಯದು. ಉಳವಿಯ ಯಾತ್ರಿಕರು ಬಂದು ಹೋಗುವ ಇದೇ ತಾಲ್ಲೂಕಿನಲ್ಲಿ, ಗಣೇಶಗುಡಿಯ ಬಳಿ, ಕಾಳೀನದಿಗೆ ಕಟ್ಟಿದ ಸೂಪಾ ಅಣೆಕಟ್ಟು ೧೦೧ ಮೀಟರು ಎತ್ತರವಾಗಿ ನಿಂತಿದೆ. ಒಂದು ಕಾಲಕ್ಕೆ ಇಡೀ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆ ಅದರ ಹಿನ್ನೀರಿನಲ್ಲಿ ಮುಳುಗಿತು; ಮನೆಮಠ ಕಳೆದುಕೊಂಡವರಲ್ಲಿ ಅನೇಕರಿಗೆ ರಾಮನಗರದಲ್ಲಿ ನೆಲೆ ಕಲ್ಪಿಸಲಾಯಿತು. ಮನೆಯನ್ನು ಮತ್ತೊಂದು ಕಡೆ ಕಟ್ಟಬಹುದು. ಆದರೆ ಮೇಳ ಎಂದರೆ ಪಲ್ಲವಿಯನ್ನು ಬಲ್ಲ ನೆರೆಹೊರೆ. ನೆರೆಹೊರೆ ಚದುರಿದರೆ, ಒಬ್ಬನು ನುಡಿಯನ್ನು ಎತ್ತಿದಾಗ ಹಿಡಿಯುವವರು ಇರುವುದಿಲ್ಲ. ಅಣೆಕಟ್ಟಿನ ಮುಳುಗಡೆಯೊಂದೇ ಇದಕ್ಕೆ ಕಾರಣವಾಗಬೇಕೆಂದಿಲ್ಲ. ಕೂಲಿಗಾಗಿ ಗೋವೆಗೆ, ಪುಣೆಗೆ, ಬೆಂಗಳೂರಿಗೆ ಹೋದ ಮಕ್ಕಳ ಊರುಗಳಲ್ಲಿಯೂ ಇದೇ ಸ್ಥಿತಿ. ಹೀಗೆ ಹಿಮ್ಮೇಳ ಕರಗಿದಲ್ಲಿ ಪದ ಬದುಕಬೇಕಾದರೆ ಅದು ಒಬ್ಬಂಟಿಯಾಗಿ ನಡೆಯುವುದನ್ನು ಕಲಿಯಲೇಬೇಕು. ಏಕವ್ಯಕ್ತಿಯ ಧ್ವನಿಮುದ್ರಿಕೆಯನ್ನು ಅಹಂಕಾರವೆಂದು ತಳ್ಳಿಹಾಕುವವರು ಈ ಮಾತನ್ನು ಮರೆಯಬಾರದು.

ಇದೇ ನಾಡಿನ ಇನ್ನೊಂದು ನಿದರ್ಶನ ಇದಕ್ಕೆ ಪೂರಕವಾಗಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡು, ಜೋಯಿಡಾಗಳ ಕಾಡುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದವರ ಡಮಾಮಿನ ಹಾಡು ಸಂಪೂರ್ಣವಾಗಿ ಕೂಟದ ಕಲೆ. ೨೦೨೧ರಲ್ಲಿ ‘ಸಲಗ’ ಚಲನಚಿತ್ರಕ್ಕಾಗಿ ಸಿದ್ದಿ ಕಲಾವಿದರು ಕೂಡಿ ಹಾಡಿದ ಗೀತೆ ಕನ್ನಡನಾಡಿನ ತುಂಬ ಕೇಳಿಬಂದಿತು. ಅಲ್ಲಿ ಮೇಳದ ದನಿಯೇ ಧ್ವನಿಗ್ರಾಹಕದ ಮುಂದೆ ಬಂದು ನಿಂತಿತು. ಒಬ್ಬನು ಅದರ ಪರವಾಗಿ ಬರಲಿಲ್ಲ. ಕೂಟದ ದನಿಗೂ ಹೊಸಕಾಲದ ಮಾಧ್ಯಮಕ್ಕೂ ಸಹಜವಾದ ವಿರೋಧವೇನೂ ಇಲ್ಲವೆಂಬುದಕ್ಕೆ ಇದು ಸಾಕಾದ ಸಾಕ್ಷಿ. ರಘು ದೀಕ್ಷಿತರ ಧ್ವನಿಮುದ್ರಿಕೆಯಲ್ಲಿ ನಾವು ಬಯಸುವುದು ಇಷ್ಟನ್ನೇ: ಷರೀಫರ ಪದಗಳಲ್ಲಿ ಪಲ್ಲವಿ ಬರುವೆಡೆ ಶಿಶುನಾಳದ ಸೀಮೆಯ ಭಜನೆಯವರ ನಾಲ್ಕು ದನಿಗಳಿಗೆ ಜಾಗವಿದ್ದಿದ್ದರೆ, ಗಿಟಾರಿಗೂ ಕುಂದಾಗುತ್ತಿರಲಿಲ್ಲ, ಗಾಯಕರಿಗೂ ಕುಂದಾಗುತ್ತಿರಲಿಲ್ಲ. ಪದಕ್ಕೆ ಅದರ ಒಪ್ಪಿಗೆ ದೊರೆಯುತ್ತಿತ್ತು.

ಒಟ್ಟಿನಲ್ಲಿ ಹೇಳುವುದಾದರೆ, ‘ಅಂತರಾಗ್ನಿ’ ಪ್ರಾಮಾಣಿಕವಾದ, ಚೈತನ್ಯಪೂರ್ಣವಾದ ಕೃತಿ. ತಂಡವನ್ನು ಅಗಲಿದ ಗಾಯಕನೊಬ್ಬನ ಮೊದಲ ಹೆಜ್ಜೆಯಾಗಿ ಅದರ ಧೈರ್ಯ ಮೆಚ್ಚತಕ್ಕದ್ದು. ಹಿಂದಿಯ ಪ್ರಭಾವ ಬಲವಾಗಿರುವ ಮುಂಬಯಿಯ ಸಂಗೀತ ಪ್ರಪಂಚದಲ್ಲಿ ತನ್ನ ಮೊದಲ ಮುದ್ರಿಕೆಯಲ್ಲಿಯೇ ಷರೀಫರ ಎರಡು ಕನ್ನಡ ಪದಗಳನ್ನು, ಅದೂ ಧಾರವಾಡದ ನುಡಿಯ ಸೊಗಡು ಕೆಡದಂತೆ, ಇಟ್ಟದ್ದು ಸಾಮಾನ್ಯ ಸಂಗತಿಯಲ್ಲ. ‘ಗುಡುಗುಡಿ’ಯ ಪದದಲ್ಲಿ ಅವರು ಗೆದ್ದಿದ್ದಾರೆ. ‘ಸೋರುತಿಹುದು’ ಪದದಲ್ಲಿ ಹೃದಯವನ್ನು ಮುಟ್ಟಿದ್ದಾರೆ, ಆದರೆ ಹೃದಯದಿಂದ ಒಂದು ಮೆಟ್ಟಲು ಮೇಲಿರುವ ಅರಿವಿನ ಬಾಗಿಲಲ್ಲಿ ನಿಂತುಬಿಟ್ಟಿದ್ದಾರೆ. ಮಾಳಿಗೆಯನ್ನು ಹತ್ತುವ ಕೆಲಸ ಬಾಕಿ ಉಳಿದಿದೆ.

ಆ ಬಾಕಿ ಕೆಲಸ ಗಾಯಕರೊಬ್ಬರದೇ ಅಲ್ಲ. ಅರ್ಥವನ್ನು ಕೊಡಬೇಕಾದ ಹೊಣೆ ಅರ್ಥವನ್ನು ಬಲ್ಲವರ ಮೇಲಿದೆ. ಒಂದು ಊರಿನ ತರುಣನು ಈ ಪದವನ್ನು ಮೊದಲ ಸಲ ಕೇಳುವುದು ಇಂದು ಭಜನೆಯ ಕಟ್ಟೆಯ ಮೇಲೆ ಆಗಿರಲಾರದು. ಕಿವಿಯೊಳಗೆ ಇಟ್ಟುಕೊಂಡ ಯಂತ್ರದಿಂದ ಅವನೊಬ್ಬನೇ ಕೇಳುತ್ತಾನೆ. ಹಾಡುವವನೂ ಒಬ್ಬ, ಕೇಳುವವನೂ ಒಬ್ಬ. ಹಾಗೆ ಕೇಳಿ ಮನಸೋತು ‘ಈ ಗುಡುಗುಡಿ ಎಂದರೇನು, ಈ ಮಾಳಿಗೆ ಯಾವುದು’ ಎಂದು ಅವನು ಕೇಳಿಕೊಂಡು ಬಂದಾಗ ಉತ್ತರ ಹೇಳಲು ಮಠದ ಜಗುಲಿಯಲ್ಲಿ, ಶಾಲೆಯ ಕನ್ನಡ ತರಗತಿಯಲ್ಲಿ, ಊರಿನ ಭಜನಾ ಮೇಳದಲ್ಲಿ ಯಾರಾದರೂ ಇರಬೇಕು. ಇದ್ದರೆ ಆ ಧ್ವನಿಮುದ್ರಿಕೆ ಬಾಗಿಲಾಗುತ್ತದೆ. ಇಲ್ಲದಿದ್ದರೆ ಅದೇ ಗೋಡೆಯಾಗುತ್ತದೆ. ಪದ ಹಿಮ್ಮೇಳವನ್ನು ಅಗಲಿ ಹೊರಟುಬಿಟ್ಟಿದೆ. ಅದು ಮರಳಿ ಬಂದು ಎತ್ತಿಕೊಟ್ಟಾಗ ಹಿಡಿಯುವ ದನಿಗಳನ್ನು ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ.